ಪೆಟ್ಟು ಬಿದ್ದದ್ದು ಎಲ್ಲಿ, ಸುಮ್ಮನಾದದ್ದು ಎಲ್ಲೆಲ್ಲಿ?

ಈ ವಾರ ಬಂದ ಪತ್ರಗಳಲ್ಲಿ ಒಂದು, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿದೆ. ಬರೆದವಳು ಆರನೇ ತರಗತಿಯ ಹುಡುಗಿ. ಹೆಸರು, ಊರು ಹಾಕಬೇಡಿ ಎಂದು ಅವಳೇ ಕೇಳಿಕೊಂಡಿದ್ದಾಳೆ. ಪತ್ರದ ಮುಖ್ಯ ಭಾಗ ಇಷ್ಟು:

‘ನಮ್ಮ ಅಜ್ಜನಿಗೆ ಲಕ್ವ ಹೊಡೆದು ಒಂಬತ್ತು ದಿನ ಆಯಿತು. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ಬರುವುದಿಲ್ಲ. ತಲೆಯ ಸ್ಕ್ಯಾನ್‌ನಲ್ಲಿ ಡಾಕ್ಟರು ಒಂದು ಸಣ್ಣ ಕಪ್ಪು ಜಾಗ ತೋರಿಸಿದರಂತೆ, ನೆಲ್ಲಿಕಾಯಿಯಷ್ಟು. ಅಷ್ಟು ಸಣ್ಣದಕ್ಕೆ ಅಜ್ಜ ಇಷ್ಟು ಪೂರ್ತಿ ಯಾಕೆ ಬಿದ್ದುಹೋದರು? ನೋಡಲು ಬಂದವರೆಲ್ಲ ಇನ್ನು ಇಷ್ಟೇ ಅಂತಾರೆ. ಅಜ್ಜನಿಗೆ ಅದು ಕೇಳಿಸುತ್ತೆ. ಇನ್ನು ಇಷ್ಟೇನಾ?’

ಎರಡು ಪ್ರಶ್ನೆಗಳಿವೆ. ಮೊದಲನೆಯದನ್ನು ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ವೈದ್ಯರೇ ಕೇಳಿಕೊಂಡು ತಲೆ ಕೆಡಿಸಿಕೊಂಡಿದ್ದರು. ಅದರ ಉತ್ತರ ಗೊತ್ತಾದರೆ ಎರಡನೆಯದಕ್ಕೂ ಅರ್ಧ ಉತ್ತರ ಸಿಕ್ಕಂತೆ. ನರರೋಗದ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಈ ‘ಇನ್ನು ಇಷ್ಟೇ’ ಎಂಬ ಮಾತನ್ನು ಮಂಚದ ಪಕ್ಕದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಇವತ್ತಿನ ಅಂಕಣ ಪೂರ್ತಿ ಇದಕ್ಕೇ.

ಮೊದಲು ಹೆಸರಿನ ವಿಷಯ. ಜ್ವರ ‘ಬರುತ್ತದೆ’, ಲಕ್ವ ಮಾತ್ರ ‘ಹೊಡೆಯುತ್ತದೆ’. ಇಂಗ್ಲಿಷಿನ ಸ್ಟ್ರೋಕ್ ಅಂದರೂ ಹೊಡೆತವೇ. ಹಳೆಯ ಗ್ರೀಕ್ ವೈದ್ಯರು ಇದಕ್ಕಿಟ್ಟ ಹೆಸರಿಗೂ ಹೊಡೆದು ಕೆಡವುವುದು ಎಂದೇ ಅರ್ಥ. ಲಕ್ವ ಅರಬ್ಬಿಯಿಂದ ಬಂದ ಪದ. ಅಲ್ಲಿ ಅದು ಮುಖ ಒಂದು ಕಡೆಗೆ ಸೊಟ್ಟಗಾಗುವ ಕಾಯಿಲೆಗೆ ಮಾತ್ರ ಇದ್ದ ಹೆಸರು, ನಮ್ಮಲ್ಲಿ ಕೈಕಾಲು ಬೀಳುವುದಕ್ಕೂ ಬಂತು. ಪಾರ್ಶ್ವವಾಯುವಿನ ಪಾರ್ಶ್ವ ಅಂದರೆ ಮಗ್ಗುಲು. ಕಾಫಿ ಕುಡಿಯುತ್ತ ಕುಳಿತಿದ್ದವರು ಇದ್ದಕ್ಕಿದ್ದಂತೆ ಒಂದು ಮಗ್ಗುಲಿಗೆ ವಾಲುವುದನ್ನು ಕಂಡರೆ, ಯಾವ ದೇಶದವರಿಗಾದರೂ ಕಣ್ಣಿಗೆ ಕಾಣದ ಯಾರೋ ಹೊಡೆದಂತೆಯೇ ಅನಿಸುವುದು ಸಹಜ.

ಹೊಡೆಯುವವರು ಯಾರೂ ಇಲ್ಲ. ನಡೆಯುವುದು ಇಷ್ಟು. ಮಿದುಳಿನ ತೂಕ ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ನಾವು ಸುಮ್ಮನೆ ಮಲಗಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲು ಅದಕ್ಕೇ ಬೇಕು. ಇಷ್ಟೊಂದು ತಿನ್ನುವ ಮಿದುಳಿಗೆ ಕೂಡಿಡುವ ಅಭ್ಯಾಸವಿಲ್ಲ. ಅಂದಂದಿನ ದಿನಸಿ ಅಂದಂದೇ ತರುವ ಮನೆ ಅದು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡರೆ, ಅಥವಾ ನಾಳವೇ ಒಡೆದರೆ, ಆ ನಾಳವನ್ನೇ ನಂಬಿದ್ದ ನರಕೋಶಗಳು ನಿಮಿಷಗಳಲ್ಲಿ ಸಾಯತೊಡಗುತ್ತವೆ. ಹೆಚ್ಚಿನ ಸಲ ಆಗುವುದು ಮೊದಲನೆಯದು, ಹೆಪ್ಪು.

ಎಡ ಮಿದುಳಿನಿಂದ ಹೊರಟ ನರತಂತುಗಳಲ್ಲಿ ಹೆಚ್ಚಿನವು ಬೆನ್ನುಹುರಿ ಸೇರುವ ಮುಂಚೆ ಅಡ್ಡ ದಾಟಿ ಬಲಕ್ಕೆ ಬರುತ್ತವೆ, ಬಲದವು ಎಡಕ್ಕೆ. ಅದಕ್ಕೇ ಎಡ ಮಿದುಳಿಗೆ ಪೆಟ್ಟಾದರೆ ಬೀಳುವುದು ಬಲಗೈ. ಮಾತಿನ ಕೆಲಸವೂ ನಮ್ಮಲ್ಲಿ ಬಹುತೇಕ ಮಂದಿಗೆ ಎಡ ಮಿದುಳಿನದೇ. ಪತ್ರದ ಹುಡುಗಿಯ ಅಜ್ಜನಿಗೆ ಬಲಗೈ ಮತ್ತು ಮಾತು ಒಟ್ಟಿಗೆ ಹೋದದ್ದು ಹೀಗೆ.

ಇಷ್ಟರಿಂದ ಅವಳ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸತ್ತದ್ದು ನೆಲ್ಲಿಕಾಯಿಯಷ್ಟು ಜಾಗ. ಮಲಗಿದ್ದು ಇಡೀ ಅಜ್ಜ.

ಮಕ್ಕಳೇ, ನೀವು ಶಾಲೆಯ ವಾರ್ಷಿಕೋತ್ಸವದಲ್ಲಿ ಕೋಲಾಟ ಆಡಿದ್ದೀರಾ? ಹದಿನಾರು ಮಂದಿಯ ಕೋಲಾಟ ಅಂದುಕೊಳ್ಳಿ. ಒಬ್ಬಳು ನನ್ನ ಕೋಲಿಗೆ ಹೊಡೆದು ತಿರುಗಬೇಕು, ನಾನು ಮುಂದಿನವಳ ಕೋಲಿಗೆ ಹೊಡೆಯಬೇಕು. ಭರದಿಂದ ಸಾಗುತ್ತಿರುವಾಗ ಒಬ್ಬಳು ಕಾಲು ಉಳುಕಿ ಕುಸಿದು ಕೂತಳು. ಏನಾಗುತ್ತದೆ? ಪೆಟ್ಟಾದದ್ದು ಒಬ್ಬಳಿಗೆ. ಆದರೆ ಅವಳ ಕೋಲಿಗಾಗಿ ಕಾಯುತ್ತಿದ್ದವಳು ಕೈ ಎತ್ತಿಕೊಂಡೇ ನಿಲ್ಲುತ್ತಾಳೆ. ಅವಳು ನಿಂತದ್ದಕ್ಕೆ ಅವಳಾಚೆಯವಳೂ ನಿಲ್ಲುತ್ತಾಳೆ. ಎರಡು ತಾಳದೊಳಗೆ ಇಡೀ ಸುತ್ತು ಸ್ತಬ್ಧ. ಆಗಷ್ಟೇ ಸಭಾಂಗಣದೊಳಗೆ ಬಂದವರಿಗೆ ಹದಿನಾರು ಮಂದಿಗೂ ಏನೋ ಆಗಿದೆ ಅನಿಸುತ್ತದೆ. ನಿಜವಾಗಿ ಹದಿನೈದು ಮಂದಿಗೆ ಏನೂ ಆಗಿಲ್ಲ. ಬರಬೇಕಾದ ಹೊಡೆತ ಬರಲಿಲ್ಲ ಅಷ್ಟೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದು ಜೋಡಿ ಬದಲಿಸಿ ಮತ್ತೆ ಶುರು ಮಾಡಿಸುತ್ತಾರೆ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳ ಕೋಲಾಟ. ಯಾವ ಕೋಶವೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಬೇರೆಡೆಯಿಂದ ಸುದ್ದಿ ಬರುತ್ತಿದ್ದರೆ ಮಾತ್ರ ಚುರುಕಾಗಿರುತ್ತದೆ. ಒಂದು ಕಡೆ ಪೆಟ್ಟಾದಾಗ, ಅಲ್ಲಿಂದ ಸುದ್ದಿಗಾಗಿ ಕಾಯುತ್ತಿದ್ದ ದೂರದ ಜಾಗಗಳೂ ಸುಮ್ಮನಾಗಿಬಿಡುತ್ತವೆ. ರಷ್ಯಾದಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ಕಾನ್‌ಸ್ಟಾಂಟಿನ್ ಫಾನ್ ಮೊನಾಕೊ ಎಂಬ ನರವೈದ್ಯರು 1914ರಲ್ಲಿ ಬರೆದ ದಪ್ಪ ಪುಸ್ತಕದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ವಿವರಿಸಿದರು. ಅವರು ಇಟ್ಟ ಹೆಸರು ಡಯಾಸ್ಕಿಸಿಸ್. ಬಾಯಿಗೆ ಸಿಕ್ಕದ ಹೆಸರು, ಮರೆತುಬಿಡಿ. ನಾನು ವಾರ್ಡಿನಲ್ಲಿ ‘ದೂರದ ಮೌನ’ ಅನ್ನುತ್ತಿದ್ದೆ. ಅದು ಒಂದು ಬಗೆಯ ಶಾಕ್, ದಿನಗಳು ವಾರಗಳು ಕಳೆದಂತೆ ಅದು ಹಂತಹಂತವಾಗಿ ಇಳಿಯುತ್ತದೆ ಎಂದು ಮೊನಾಕೊ ಹೇಳಿದರು.

ಶಾಕ್ ಎಂದ ಕೂಡಲೇ ಗೊಂದಲವಾಗುತ್ತದೆ. ಸ್ವಿಚ್ಚು ಮುಟ್ಟಿದಾಗ ಹೊಡೆಯುವ ಕರೆಂಟು ಶಾಕ್ ಅಲ್ಲ ಇದು. ಕೆಟ್ಟ ಸುದ್ದಿ ಕೇಳಿ ಆಗುವ ಶಾಕ್ ಕೂಡ ಅಲ್ಲ. ತುಂಬ ರಕ್ತ ಹೋಗಿ ಬಿ.ಪಿ. ಕುಸಿದಾಗ ಆಸ್ಪತ್ರೆಯವರು ‘ಪೇಷಂಟು ಶಾಕ್‌ನಲ್ಲಿದ್ದಾರೆ’ ಅನ್ನುವುದು ಇನ್ನೊಂದು. ನಾವೀಗ ಮಾತಾಡುತ್ತಿರುವುದು ನರಗಳ ಶಾಕ್. ಪೆಟ್ಟಿನ ನಂತರ, ಪೆಟ್ಟಾಗದ ಭಾಗವೂ ಸ್ವಲ್ಪ ಕಾಲ ಮಂಕಾಗುವುದು.

ಇದು ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯರಲ್ಲಲ್ಲ, ಕಪ್ಪೆಗಳಲ್ಲಿ. ಕಪ್ಪೆಯ ಬೆನ್ನುಹುರಿಗೂ ಮಿದುಳಿಗೂ ಸಂಬಂಧ ತಪ್ಪಿಸಿದರೆ ಕಾಲು ಚಿವುಟಿದರೂ ಅದು ಎಳೆದುಕೊಳ್ಳುವುದಿಲ್ಲ. ಕೆಲವು ನಿಮಿಷ ಬಿಟ್ಟು ಮತ್ತೆ ಚಿವುಟಿದರೆ ಪಟ್ಟನೆ ಎಳೆದುಕೊಳ್ಳುತ್ತದೆ! ಸ್ಕಾಟ್ಲೆಂಡಿನ ರಾಬರ್ಟ್ ವಿಟ್ ಎಂಬವರು ಹದಿನೆಂಟನೇ ಶತಮಾನದಲ್ಲೇ ಇದನ್ನು ಗಮನಿಸಿದ್ದರು. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಮಾರ್ಷಲ್ ಹಾಲ್ ಇದಕ್ಕೆ ಶಾಕ್ ಎಂಬ ಹೆಸರು ಕೊಟ್ಟರು. ಕಪ್ಪೆಗೆ ನಿಮಿಷಗಳಲ್ಲಿ ಕಳೆಯುವ ಈ ಮಂಕು ಬೆಕ್ಕು ನಾಯಿಗಳಲ್ಲಿ ಗಂಟೆಗಟ್ಟಲೆ, ಮಂಗಗಳಲ್ಲಿ ಇನ್ನೂ ಹೆಚ್ಚು ಕಾಲ, ಮನುಷ್ಯರಲ್ಲಿ ವಾರಗಟ್ಟಲೆ ಇರುತ್ತದೆ. ಯಾವ ಪ್ರಾಣಿಯ ಬೆನ್ನುಹುರಿ ಮಿದುಳಿನ ಮಾತನ್ನು ಹೆಚ್ಚು ಕೇಳಿ ಬೆಳೆದಿದೆಯೋ, ಆ ಮಾತು ನಿಂತಾಗ ಅದು ಅಷ್ಟೇ ಹೆಚ್ಚು ತಬ್ಬಿಬ್ಬಾಗುತ್ತದೆ.

ಚಾರ್ಲ್ಸ್ ಶೆರಿಂಗ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ (1932ರಲ್ಲಿ ನೊಬೆಲ್ ಪಡೆದವರು) ಒಂದು ಜಾಣ ಪ್ರಶ್ನೆ ಕೇಳಿದರು. ಶಾಕ್ ಆಗುವುದು ಗಾಯದಿಂದಲೋ, ಸಂಬಂಧ ತಪ್ಪಿದ್ದರಿಂದಲೋ? ಅವರು ಕಂಡದ್ದು ಹೀಗೆ. ಮೊದಲ ಗಾಯದ ಶಾಕ್ ಕಳೆದ ಮೇಲೆ, ಅದಕ್ಕಿಂತ ಕೆಳಗೆ ಬೆನ್ನುಹುರಿಗೆ ಎರಡನೇ ಗಾಯ ಮಾಡಿದರೆ ಮತ್ತೆ ಶಾಕ್ ಆಗಲಿಲ್ಲ. ಗಾಯವೇ ಕಾರಣವಾಗಿದ್ದರೆ ಎರಡನೇ ಸಲವೂ ಆಗಬೇಕಿತ್ತು. ಮಿದುಳಿನಿಂದ ಬರುವ ಸುದ್ದಿ ಮೊದಲ ಸಲವೇ ನಿಂತಿತ್ತು, ಎರಡನೇ ಸಲ ನಿಲ್ಲಲು ಏನೂ ಉಳಿದಿರಲಿಲ್ಲ. ಕೋಲಾಟದ ಹುಡುಗಿ ನಿಂತದ್ದು ನೋವಿಗಲ್ಲ, ಕೋಲು ಬರಲಿಲ್ಲವೆಂದು.

ಮೊನಾಕೊ ಹೇಳಿದ್ದನ್ನು ಕಣ್ಣಾರೆ ನೋಡಲು ಇನ್ನೂ ಅರವತ್ತಾರು ವರ್ಷ ಬೇಕಾಯಿತು. ಮಿದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ, ಎಷ್ಟು ಆಮ್ಲಜನಕ ಖರ್ಚಾಗುತ್ತಿದೆ ಎಂದು ತೋರಿಸುವ ಪೆಟ್ ಎಂಬ ಸ್ಕ್ಯಾನ್ ಬಂತು. 1980ರಲ್ಲಿ ಫ್ರಾನ್ಸಿನ ಜಾನ್-ಕ್ಲೋಡ್ ಬ್ಯಾರನ್ ಮತ್ತು ಜೊತೆಗಾರರು ಮಿದುಳಿನ ಒಂದು ಬದಿಯಲ್ಲಿ ಹೊಡೆತವಾದವರ ತಲೆಯನ್ನು ಅದರಲ್ಲಿ ನೋಡಿದರೆ, ಹಿಂದಲೆಯಲ್ಲಿರುವ ಕಿರುಮಿದುಳಿನ ಎದುರು ಬದಿಯೂ ಮಂಕಾಗಿತ್ತು. ಆ ಜಾಗಕ್ಕೆ ಏನೂ ಆಗಿರಲಿಲ್ಲ. ಅದರ ರಕ್ತನಾಳಗಳೂ ಬೇರೆಯೇ. ಅದು ಪೆಟ್ಟಾದ ಜಾಗದ ಕೋಲಾಟದ ಜೋಡಿ, ಅಷ್ಟೆ.

ಆದ್ದರಿಂದ ಮೊದಲ ವಾರ ಅಜ್ಜನಲ್ಲಿ ಕಾಣುವ ಸೋಲು ಎರಡು ಪಾಲಿನದು. ಒಂದು ನಿಜವಾಗಿ ಸತ್ತ ಜಾಗದ್ದು. ಇನ್ನೊಂದು ಸುಮ್ಮನಾದ ಜಾಗಗಳದ್ದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೈ ಎತ್ತಲಿಲ್ಲ ಅಂದರೆ ಎತ್ತಲಿಲ್ಲ. ಯಾವುದು ಎಷ್ಟು ಪಾಲು ಎಂಬುದನ್ನು ದಿನಗಳೇ ಬಿಡಿಸಿ ತೋರಿಸಬೇಕು.

ಇಲ್ಲಿ ನಾನು ಆಸೆ ಹುಟ್ಟಿಸಿ ಕೈ ತೊಳೆದುಕೊಳ್ಳಬಾರದು. ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ದೂರದ ಮೌನ ಕೆಲವರಲ್ಲಿ ಪೂರ್ತಿ ಮುರಿಯದೆ ಉಳಿಯುವುದೂ ಉಂಟು. ಬೆನ್ನುಹುರಿ ಪೂರ್ತಿ ತುಂಡಾದವರಲ್ಲಿ ಶಾಕ್ ಕಳೆದ ಮೇಲೆ ಕಾಲು ತಾನಾಗಿ ಜಿಗಿಯುತ್ತದೆ, ಅದನ್ನು ನೋಡಿ ಮನೆಯವರು ಕಾಲು ಬಂತೆಂದು ಸಂಭ್ರಮಪಡುತ್ತಾರೆ. ಅದು ಕಪ್ಪೆಯ ಕಾಲಿನಂಥ ಚಲನೆ, ಇಷ್ಟಪಟ್ಟು ಎತ್ತಿದ್ದಲ್ಲ. ಸ್ಟ್ರೋಕ್ ಆದವರ ಚೇತರಿಕೆಗೂ ಶಾಕ್ ಇಳಿಯುವುದೊಂದೇ ಕಾರಣವಲ್ಲ. ಪೆಟ್ಟಾದ ಜಾಗದ ಸುತ್ತಲಿನ ಊತ ಇಳಿಯುತ್ತದೆ. ಅಂಚಿನಲ್ಲಿ ಅರೆಹೊಟ್ಟೆಯಲ್ಲಿದ್ದ ಕೋಶಗಳು ರಕ್ತ ಸಿಕ್ಕರೆ ಎದ್ದು ಕೂರುತ್ತವೆ. ಉಳಿದ ಕೋಶಗಳು ಹೊಸ ಜೋಡಿ ಹುಡುಕಿಕೊಳ್ಳುತ್ತವೆ. ಇವೆಲ್ಲ ಸೇರಿ ಮೊದಲ ಮೂರು ತಿಂಗಳು ಚೇತರಿಕೆಯ ವೇಗ ಹೆಚ್ಚು. ಆಮೇಲೆ ನಿಧಾನವಾಗುತ್ತದೆ, ನಿಲ್ಲಲೇಬೇಕೆಂದಿಲ್ಲ.

ಹಾಗಾಗಿ ಒಂಬತ್ತನೇ ದಿನ ‘ಇನ್ನು ಇಷ್ಟೇನಾ’ ಎಂದರೆ, ಈಗಲೇ ಹೇಳಲು ಬರುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ ಕಣಮ್ಮಾ. ಇಷ್ಟೇ ಅನ್ನುವವರಿಗೂ ಗೊತ್ತಿಲ್ಲ.

ಹೀಗೆ ಅವಸರದಲ್ಲಿ ತೀರ್ಮಾನ ಮಾಡಿದವರ ಕತೆಯೊಂದಿದೆ. ಲೂಯಿ ಪಾಶ್ಚರ್ ಹೆಸರು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. 1868ರ ಅಕ್ಟೋಬರ್ 19ರಂದು ಅವರಿಗೆ ಸ್ಟ್ರೋಕ್ ಆಯಿತು. ಆಗ ವಯಸ್ಸು ಬರೀ 45. ಎಡಗೈ, ಎಡಗಾಲು ಬಿದ್ದವು. ಪ್ಯಾರಿಸ್‌ನಲ್ಲಿ ಅವರಿಗೆಂದೇ ಹೊಸ ಪ್ರಯೋಗಾಲಯ ಕಟ್ಟುತ್ತಿದ್ದರು. ಈ ಮನುಷ್ಯ ಉಳಿಯುವುದಿಲ್ಲ, ಇನ್ನು ಕಟ್ಟಡ ಯಾಕೆ ಎಂದು ಕೆಲಸ ನಿಲ್ಲಿಸಿಬಿಟ್ಟರು! ಮಲಗಿದ್ದ ಪಾಶ್ಚರ್‌ಗೆ ಅದು ಗೊತ್ತಾಗಿ ಬಹಳ ನೊಂದರು. ಸುದ್ದಿ ಚಕ್ರವರ್ತಿ ಮೂರನೇ ನೆಪೋಲಿಯನ್‌ವರೆಗೆ ಹೋಗಿ, ಅವನು ಹೇಳಿ ಕಳಿಸಿದ ಮೇಲೆ ಕೆಲಸ ಮತ್ತೆ ಶುರುವಾಯಿತು.

ಪಾಶ್ಚರ್‌ಗೆ ಪೆಟ್ಟಾದದ್ದು ಬಲ ಮಿದುಳಿಗೆ, ಮಾತು ಉಳಿದಿತ್ತು. ಹಾಸಿಗೆಯಲ್ಲಿದ್ದುಕೊಂಡೇ ರೇಷ್ಮೆಹುಳುವಿನ ರೋಗದ ಬಗ್ಗೆ ಟಿಪ್ಪಣಿ ಹೇಳಿ ಬರೆಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಪೆಬ್ರಿನ್ ರೋಗ ಕಂಡರೆ ಆ ಮೊಟ್ಟೆಗಳನ್ನು ಎಸೆಯುವ ವಿಧಾನ ಅವರದು. ಇಂದಿಗೂ ನಮ್ಮ ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ರಾಮನಗರ, ಶಿಡ್ಲಘಟ್ಟದ ಕಡೆಯ ಮಕ್ಕಳು ಮನೆಯಲ್ಲಿ ಕೇಳಿ ನೋಡಿ. ಅವರ ಎಡಗೈ ಎಡಗಾಲು ಪೂರ್ತಿ ಸರಿಹೋಗಲಿಲ್ಲ. ಕೊನೆಯವರೆಗೂ ಕಾಲು ಎಳೆದೇ ನಡೆದರು. ಆದರೆ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಅವರ ಲಸಿಕೆ ಕೊಟ್ಟದ್ದು 1885ರ ಜುಲೈ 6ರಂದು. ಅಂದರೆ ಸ್ಟ್ರೋಕ್ ಆಗಿ ಹದಿನೇಳು ವರ್ಷ ಸಮೀಪಿಸಿದಾಗ. ಅವರು ತೀರಿಕೊಂಡದ್ದು 1895ರಲ್ಲಿ.

ಶಾಕ್ ತಾನಾಗಿ ಇಳಿಯುತ್ತದೆ ಎಂಬುದು ಗೊತ್ತಿದ್ದರೆ ನಮ್ಮೂರಿನ ಇನ್ನೊಂದು ಗುಟ್ಟೂ ಬಿಡಿಸುತ್ತದೆ. ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ‘ಹಚ್ಚಿದ ಎರಡು ವಾರಕ್ಕೆ ಕೈ ಎತ್ತಿದರು’ ಎಂದು ಕಣ್ಣಾರೆ ಕಂಡವರೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎರಡು ವಾರಕ್ಕೆ ಕೈ ಎತ್ತಿದ್ದು ನಿಜ, ಅದು ಮೌನ ಮುರಿದ ಹೊತ್ತು. ಪಾರಿವಾಳವನ್ನು ಕೊಲ್ಲದಿದ್ದರೂ ಎತ್ತುತ್ತಿದ್ದರು. ಮುಖದ ನರವೊಂದೇ ಊದಿಕೊಂಡು ಬಾಯಿ ಸೊಟ್ಟಗಾಗುವ, ಕಣ್ಣು ಮುಚ್ಚಲಾಗದ ಬೇರೊಂದು ಕಾಯಿಲೆಯೂ ಇದೆ, ಬೆಲ್ಸ್ ಪಾಲ್ಸಿ ಎಂದು. ಅದು ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಅದರ ಕೀರ್ತಿಯೂ ಪಾರಿವಾಳಕ್ಕೇ ಹೋಗುತ್ತದೆ. ನನಗೆ ಬೇಸರವಾಗುವುದು ನಂಬಿಕೆಗಲ್ಲ. ರಕ್ತ ಹಚ್ಚಿಸಲು ಐವತ್ತು ಮೈಲಿ ಹೋಗಿ ಬರುವಷ್ಟರಲ್ಲಿ, ಔಷಧ ಕೆಲಸ ಮಾಡುವ ಹೊತ್ತು ಮೀರಿಹೋಗಿರುತ್ತದೆ.

ಶಾಕ್ ಇಳಿದ ಮೇಲೂ ಕೆಲವರ ಕೈ ಸುಮ್ಮನೇ ಇರುತ್ತದೆ. ಇದು ವಿಚಿತ್ರ. ಅಮೆರಿಕದ ಎಡ್ವರ್ಡ್ ಟಾಬ್ ಎಂಬ ಮನಶ್ಶಾಸ್ತ್ರಜ್ಞರು ಮಂಗಗಳಲ್ಲಿ ಇದನ್ನು ಕಂಡರು. ಒಂದು ಕೈಯಿಂದ ಬರುವ ಸ್ಪರ್ಶದ ನರಗಳನ್ನು ಕತ್ತರಿಸಿದಾಗ, ಅಲುಗಾಡಿಸುವ ನರಗಳು ಸರಿಯಿದ್ದರೂ ಮಂಗ ಆ ಕೈಯನ್ನು ಬಳಸುತ್ತಿರಲಿಲ್ಲ. (ಆ ಪ್ರಯೋಗಗಳನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.) ಟಾಬ್ ಕೊಟ್ಟ ವಿವರಣೆ ಹೀಗೆ. ಮೊದಲ ವಾರಗಳಲ್ಲಿ ಶಾಕ್‌ನಿಂದಾಗಿ ಕೈ ನಿಜಕ್ಕೂ ಬರುವುದಿಲ್ಲ. ಮಂಗ ಪ್ರಯತ್ನಿಸಿ, ಬಿದ್ದು, ಸೋತು, ಒಂದೇ ಕೈಯಲ್ಲಿ ಬದುಕುವುದನ್ನು ಕಲಿಯುತ್ತದೆ. ಆಮೇಲೆ ಶಾಕ್ ಇಳಿಯುತ್ತದೆ, ಆದರೆ ಆ ಸುದ್ದಿ ಮಂಗಕ್ಕೆ ಗೊತ್ತಿಲ್ಲ. ಮತ್ತೆ ಪ್ರಯತ್ನಿಸುವುದೇ ಇಲ್ಲವಲ್ಲ! ಸರಿಯಿರುವ ಕೈಯನ್ನು ಕಟ್ಟಿಹಾಕಿದಾಗ ಮಂಗ ಆ ಕೈಯನ್ನು ಬಳಸಿತು.

ಇದರಿಂದ ಹುಟ್ಟಿದ ಚಿಕಿತ್ಸೆಯಲ್ಲಿ ಸ್ಟ್ರೋಕ್ ಆದವರ ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿ, ಬಿದ್ದ ಕೈಯಲ್ಲೇ ದಿನಗಟ್ಟಲೆ ಕೆಲಸ ಮಾಡಿಸುತ್ತಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಮಂದಿಯಲ್ಲಿ, ಎರಡು ವಾರ ಹೀಗೆ ಮಾಡಿದವರ ಕೈ ಉಳಿದವರ ಕೈಗಿಂತ ಚೆನ್ನಾಗಿ ಸುಧಾರಿಸಿತು. ಎಲ್ಲರಿಗೂ ಇದು ಆಗುವುದಿಲ್ಲ. ಬೆರಳು, ಮಣಿಕಟ್ಟು ಸ್ವಲ್ಪವಾದರೂ ಆಡುತ್ತಿರಬೇಕು. ಮೊದಲ ದಿನಗಳಲ್ಲೇ ಹಠ ಹಿಡಿಯುವುದೂ ಒಳ್ಳೆಯದಲ್ಲ. ಯಾವಾಗ, ಎಷ್ಟು ಹೊತ್ತು ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳಲಿ. ನೀವಾಗಿಯೇ ಅಜ್ಜನ ಕೈ ಕಟ್ಟಲು ಹೋಗಬೇಡಿ.

ನೀವು ಮಾಡಬಹುದಾದದ್ದು ಬೇರೆ ಇದೆ. ಬೆರಳಲ್ಲಿ ಚಲನೆ ಶುರುವಾದ ಮೇಲೆ ಅಜ್ಜನೊಂದಿಗೆ ಚೌಕಾಬಾರ ಆಡಿ, ಕವಡೆಯನ್ನು ಬಿದ್ದ ಕೈಯಲ್ಲೇ ಹಾಕಲಿ. ಅಳಗುಳಿಮಣೆಯಂತೂ ಇದಕ್ಕೆಂದೇ ಮಾಡಿದ ಹಾಗಿದೆ. ಹುಣಸೆಬೀಜವನ್ನು ಒಂದೊಂದಾಗಿ ಹಿಡಿದು ಒಂದೊಂದು ಗುಳಿಗೆ ಬಿಡುವುದು ಬೆರಳಿಗೆ ದೊಡ್ಡ ಕೆಲಸ. ಹತ್ತು ನಿಮಿಷಕ್ಕೆ ಸುಸ್ತಾಗುತ್ತಾರೆ, ನಿಲ್ಲಿಸಿ. ಅಜ್ಜ ನಿಧಾನವಾದರೆಂದು ನೀವೇ ಅವರ ಕವಡೆ ಹಾಕಿಕೊಡುವುದು ಬೇಡ. ಅಜ್ಜಿಯರು ಇದನ್ನು ಜಾಸ್ತಿ ಮಾಡುತ್ತಾರೆ, ಪ್ರೀತಿಯಿಂದಲೇ. ಅನ್ನ ಕಲಸಿ, ಗುಂಡಿ ಹಾಕಿ, ತಲೆ ಬಾಚಿ ಎಲ್ಲ ಮುಗಿಸಿಬಿಡುತ್ತಾರೆ. ಆ ಕೈಗೆ ಕೆಲಸವೇ ಉಳಿಯುವುದಿಲ್ಲ.

ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆಯಬೇಡಿ. ಶಾಕ್‌ನ ದಿನಗಳಲ್ಲಿ ಹೆಗಲ ಸ್ನಾಯುಗಳು ಜೋತುಬಿದ್ದಿರುತ್ತವೆ, ಕೀಲು ಜಾರುತ್ತದೆ. ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕೆಲವು ವಾರಗಳ ನಂತರ ಅದೇ ಕೈ ಬಿಗಿಯಾಗಿ ಮಡಚಿಕೊಳ್ಳತೊಡಗಬಹುದು. ಹೊಸದೊಂದು ಸ್ಟ್ರೋಕ್ ಆಯಿತೇನೋ ಎಂದು ಹೆದರುವವರಿದ್ದಾರೆ. ನಿಧಾನವಾಗಿ ಹೀಗೆ ಬಿಗಿಯುವುದು, ಮಂಕಾಗಿದ್ದ ಬೆನ್ನುಹುರಿ ಎಚ್ಚರಾಗಿ ತನ್ನ ಪಾಡಿಗೆ ತಾನು ಜೋರು ಮಾಡುತ್ತಿರುವುದರ ಗುರುತು. ಫಿಸಿಯೋಥೆರಪಿಸ್ಟ್‌ಗೆ ಹೇಳಿ. ಬಲ ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರು ಎಡಗಡೆ ಎಂಬುದೊಂದು ಇದೆ ಎಂಬುದನ್ನೇ ಮರೆಯುತ್ತಾರೆ. ಬಾಳೆಲೆಯ ಬಲ ಅರ್ಧ ಉಂಡು, ಎಡ ತುದಿಯ ಉಪ್ಪು ಉಪ್ಪಿನಕಾಯಿ ಹಾಗೇ ಬಿಟ್ಟು, ‘ಉಪ್ಪೇ ಬಡಿಸಿಲ್ಲ’ ಎಂದು ರೇಗುತ್ತಾರೆ. ಅದು ಹಟವಲ್ಲ. ಎಲೆಯನ್ನು ಸ್ವಲ್ಪ ಬಲಕ್ಕೆ ಸರಿಸಿ, ‘ಈ ಕಡೆ ನೋಡಿ ಅಜ್ಜ’ ಅನ್ನಿ.

ಮಾತಿನ ವಿಷಯ. 1861ರಲ್ಲಿ ಪ್ಯಾರಿಸ್‌ನ ಪಾಲ್ ಬ್ರೋಕಾ ಎಂಬ ವೈದ್ಯರು ಒಬ್ಬ ರೋಗಿಯನ್ನು ಕಂಡರು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ‘ಟ್ಯಾನ್’ ಎಂಬ ಒಂದೇ ಶಬ್ದ. ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಅವನು ಸತ್ತ ಮೇಲೆ ನೋಡಿದರೆ ಎಡ ಮಿದುಳಿನ ಮುಂಭಾಗ ಹಾಳಾಗಿತ್ತು. ಮಾತು ಹೋದವರಿಗೆಲ್ಲ ಬುದ್ಧಿ ಹೋಗಿರುವುದಿಲ್ಲ ಎಂಬುದಕ್ಕೆ ಇದು ಸಾಕು. ಅಜ್ಜನಿಗೆ ಕೇಳಿಸುತ್ತೆ ಎಂದು ಈ ಹುಡುಗಿ ಬರೆದಳಲ್ಲ, ನೋಡಲು ಬಂದ ದೊಡ್ಡವರಿಗಿಂತ ಅವಳ ಗಮನ ಚುರುಕು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲೊಬ್ಬರು ಖಿನ್ನತೆಗೆ ಜಾರುತ್ತಾರೆ, ಹಾಗೆ ಜಾರಿದವರು ಕವಡೆಯನ್ನೂ ಮುಟ್ಟುವುದಿಲ್ಲ. ‘ಇನ್ನು ಇಷ್ಟೇ’ ಎಂದು ಹೇಳಲೇಬೇಕೆನಿಸಿದವರು ಬೀದಿಗೆ ಹೋಗಿ ಹೇಳಿಕೊಳ್ಳಲಿ.

ಹಾಡು ಮಾತ್ರ ಬೇರೆ ದಾರಿಯಲ್ಲಿ ಬರುತ್ತದೆ. ತನ್ನ ಹೆಸರು ಹೇಳಲಾಗದ ಒಬ್ಬ ಅಜ್ಜಿಯನ್ನು ನಾನು ನೋಡಿದ್ದೆ. ಮೊಮ್ಮಗಳು ಅವರಿಗೆ ಅಭ್ಯಾಸವಿದ್ದ ದೇವರನಾಮವೊಂದನ್ನು ಗುನುಗಿದಾಗ ಎರಡನೇ ಸಾಲಿನಿಂದ ಪೂರ್ತಿ ಹಾಡಿದರು, ಪದಗಳ ಸಮೇತ. ಇಡೀ ವಾರ್ಡು ತಿರುಗಿ ನೋಡಿತು. ಹಾಡಿನ ಕೆಲಸದಲ್ಲಿ ಬಲ ಮಿದುಳಿನ ಪಾಲೂ ದೊಡ್ಡದು. ಇದನ್ನೇ ಬಳಸಿ ಮಾತನ್ನು ರಾಗವಾಗಿ ಹೇಳಿಸುವ ಚಿಕಿತ್ಸೆಯನ್ನು 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದರು. ಹಾಡಿದ ಮಾತ್ರಕ್ಕೆ ಮಾತು ಮರಳಿತು ಎಂದಲ್ಲ. ಆದರೆ ಒಂಬತ್ತು ದಿನ ಮೌನವಾಗಿದ್ದವರಿಗೆ ತಮ್ಮ ದನಿ ತಾವು ಕೇಳುವುದು ಸಣ್ಣ ವಿಷಯವಲ್ಲ. ಪ್ರಶ್ನೆ ಕೇಳುವಾಗ ಹೌದು, ಇಲ್ಲ ಎನ್ನಬಹುದಾದಂತೆ ಕೇಳಿ, ಉತ್ತರಕ್ಕೆ ಕಾಯಿರಿ. ಇಪ್ಪತ್ತರವರೆಗೆ ಮನಸ್ಸಿನಲ್ಲೇ ಎಣಿಸಿ, ಅಷ್ಟು ಹೊತ್ತು ಬೇಕಾಗುತ್ತದೆ.

ಒಂದು ಎಚ್ಚರಿಕೆ ಬಾಕಿ ಇದೆ, ಇದು ಮುಖ್ಯವಾಗಿ ಅಜ್ಜ ಅಜ್ಜಿಯರಿಗೆ. ಶಾಕ್ ತಾನಾಗಿ ಇಳಿಯುತ್ತದೆ ಎಂದು ಓದಿ, ಕೈ ಜೋಮು ಹಿಡಿದಾಗ ‘ನಾಳೆಗೆ ಸರಿಹೋಗುತ್ತದೆ’ ಎಂದು ಮಲಗಿಬಿಡಬೇಡಿ. ಕಾಯಬಹುದಾದದ್ದು ಶಾಕ್‌ಗೆ, ಹೆಪ್ಪಿಗಲ್ಲ. ದೊಡ್ಡ ನಾಳವೊಂದು ಮುಚ್ಚಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಜೆಫ್ರಿ ಸೇವರ್ ಎಂಬ ಅಮೆರಿಕದ ನರವೈದ್ಯರು ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸ್ಕ್ಯಾನ್ ಮಾಡಿ, ಇದು ಹೆಪ್ಪೋ ರಕ್ತಸ್ರಾವವೋ ಎಂದು ನೋಡಲೇಬೇಕು. ರಕ್ತಸ್ರಾವಕ್ಕೆ ಅದೇ ಔಷಧ ವಿಷ. ಆದ್ದರಿಂದ ಮನೆಯಲ್ಲಿರುವ ಆಸ್ಪಿರಿನ್ ಮಾತ್ರೆಯನ್ನೂ ಕೊಡಬೇಡಿ. ನೀರು, ಕಾಫಿಯೂ ಬೇಡ. ನುಂಗುವ ಸ್ನಾಯುಗಳು ಸುಮ್ಮನಾಗಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲವರಲ್ಲಿ ಕೊಳವೆ ಹಾಕಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ, ಅದಕ್ಕೆ ಇನ್ನಷ್ಟು ಗಂಟೆಗಳ ಅವಕಾಶವಿದೆ. ಹಾಗಾಗಿ ನಾಲ್ಕೂವರೆ ಗಂಟೆ ಮೀರಿತು ಎಂದೂ ಮನೆಯಲ್ಲಿ ಉಳಿಯಬೇಡಿ.

ಮಕ್ಕಳೇ, ಅನುಮಾನ ಬಂದರೆ ಅಜ್ಜಿಯನ್ನು ನಗಲು ಹೇಳಿ, ಬಾಯಿ ಒಂದು ಕಡೆ ಜಾರುತ್ತದೆಯೇ ನೋಡಿ. ಎರಡೂ ಕೈ ಮುಂದಕ್ಕೆ ಚಾಚಿ ಕಣ್ಣು ಮುಚ್ಚಲು ಹೇಳಿ, ಒಂದು ಕೈ ಇಳಿಯುತ್ತದೆಯೇ ನೋಡಿ. ನಿಮ್ಮ ಶಾಲೆಯ ಹೆಸರು ಹೇಳಿಸಿ, ನಾಲಿಗೆ ತೊದಲುತ್ತದೆಯೇ ಕೇಳಿ. ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾದರೂ, ನಿಂತರೆ ತೂಕ ತಪ್ಪಿದರೂ ಅನುಮಾನ ಪಡಬೇಕು. ಒಂದು ಕಂಡರೂ ಸಾಕು, 108ಕ್ಕೆ ಫೋನ್ ಮಾಡಿ. ಗಡಿಯಾರ ನೋಡಿ, ಅವರು ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಕೈಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು. ಗಾಬರಿಯಲ್ಲಿ ದೊಡ್ಡವರಿಗೆ ಅದು ನೆನಪಿರುವುದಿಲ್ಲ.

ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಹೋಗಲೇಬೇಕು. ಹೆಪ್ಪು ಬಂದು, ಕರಗಿ, ಮುಂದಕ್ಕೆ ಹೋಗಿದೆ ಎಂದು ಅರ್ಥ. ಮುಂದಿನದು ಕರಗದೇ ಇರಬಹುದು. ಇನ್ನು ಬಿ.ಪಿ. ಮಾತ್ರೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಯಾಕೆ ನುಂಗಲಿ ಎಂದು ಡಬ್ಬಿಯಲ್ಲೇ ಉಳಿಸುವವರು ಈ ಅಂಕಣದ ಓದುಗರಲ್ಲೂ ಇದ್ದೀರಿ, ನನಗೆ ಗೊತ್ತು. ಬಿ.ಪಿ. ಹೆಚ್ಚಿದ್ದರೂ ಸಾಮಾನ್ಯವಾಗಿ ನೋಯುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಡಬ್ಬಿ ತಂದಿಟ್ಟು ಮಾತ್ರೆ ಎಣಿಸುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ. ಮಕ್ಕಳ ಲೆಕ್ಕ ತಪ್ಪಿಸಿ ಜಾರಿಕೊಳ್ಳುವುದು ಅಷ್ಟು ಸುಲಭವಲ್ಲ.